ಅವ್ವನ ಕಡೇ ಗಳಿಗೆಯ ಸಾಕ್ಷಿ

ನಮ್ಮ ಮಂದಿ ಕೂತು ಏನು ಬೇಕಾದರೂ ಹೇಳುತ್ತಾರೆ. ಕಟ್ಟೆಯ ಮೇಲೆ ಕೂತು, ಮೊರದಲ್ಲಿ ಜೋಳ ಹಸನು ಮಾಡುತ್ತ ಕೂತು, ಬೀದರಿನ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಊರಿನವರ ಮೇಲೆಲ್ಲ ಕತೆ ಕಟ್ಟುತ್ತಾರೆ. ಅದನ್ನು ಯಾರೂ ಮನಸ್ಸಿಗೆ ಹಚ್ಚಿಕೊಳ್ಳುವುದಿಲ್ಲ. ಆದರೆ ಪ್ರಾರ್ಥನೆಯ ಕೂಟದಲ್ಲಿ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಎದ್ದು ನಿಂತು ಹೇಳಿದ ಮಾತು ಬೇರೆ. ಅದು ಸಾಕ್ಷಿ. ಅದರಲ್ಲಿ ಸುಳ್ಳು ಬೆರೆಸುವುದೆಂದರೆ ನಮ್ಮಲ್ಲಿ ಕೊಲೆಗಿಂತ ತುಸುವೇ ಕಡಿಮೆ.

ಮೆಥೊಡಿಸ್ಟ್ ಸಭೆಯ ನಮ್ಮಂಥ ಹಳೆಯ ಮನೆತನಗಳಲ್ಲಿ ಇನ್ನೊಂದು ಪದ್ಧತಿ ಇದೆ. ಮನೆಯಲ್ಲಿ ಯಾರಾದರೂ ತೀರಿಕೊಂಡರೆ ವರ್ಷಕ್ಕೊಮ್ಮೆ ಆ ದಿನ ಕೂಟ ಇಡುತ್ತಾರೆ. ಹಾಡು, ಪ್ರಾರ್ಥನೆ ಮುಗಿದ ಮೇಲೆ, ಸಾಯುವಾಗ ಪಕ್ಕದಲ್ಲಿದ್ದವರು ಎದ್ದು ನಿಂತು ಕಡೇ ಗಳಿಗೆ ಹೇಗೆ ಕಳೆಯಿತೆಂದು ಹೇಳಬೇಕು. ಹಾಡಿದರೋ, ಪ್ರಾರ್ಥನೆ ಮಾಡಿದರೋ, ಯಾರ ತಲೆಯ ಮೇಲೆ ಕೈಯಿಟ್ಟರೋ. ಕೇಳುವ ಮುದುಕರು ಕಣ್ಣು ಮುಚ್ಚಿ ತಲೆಯಾಡಿಸುತ್ತಾರೆ. ತಮ್ಮ ಪಾಳಿಗೂ ಹೀಗೇ ಆಗಲಿ ಎಂಬ ಆಸೆ ಅದು. ಬೀದರಿನ ಮಿಷನ್ ಕಂಪೌಂಡಿನಲ್ಲಿ ಬೆಳೆದ ನಾನು ಇಂಥ ಸಾಕ್ಷಿಗಳನ್ನು ಕೇಳಿ ಕೇಳಿ, ಕೆಲವು ಮನೆತನದವರಿಗೆ ಒಳ್ಳೆಯ ಅಡುಗೆ ಬರುವಂತೆ ನಮ್ಮವರಿಗೆ ಒಳ್ಳೆಯ ಸಾವು ಬರುತ್ತದೆ ಎಂದೇ ತಿಳಿದಿದ್ದೆ.

ನನ್ನ ಕಸುಬು ಇದಕ್ಕೆ ತೀರಾ ಉಲ್ಟಾ. ನಾನು ನಟಿ. ಇರುವುದು ಮೆಲ್ಬರ್ನಿನಲ್ಲಿ, ಪಾಸ್‌ಪೋರ್ಟು ಆಸ್ಟ್ರೇಲಿಯಾದ್ದು, ಕೆಲಸ ಅಲ್ಲಿನ ಟೀವಿಯಲ್ಲಿ, ಅಲ್ಲಿನ ಸಿನಿಮಾದಲ್ಲಿ. ಜನರ ಮುಂದೆ ನಿಂತು ಆಗದ್ದನ್ನು ಆದಂತೆ ಹೇಳಿ ಹೊಟ್ಟೆ ಹೊರೆಯುವವಳು.

ನಟಿಯಾಗಲೆಂದು ಹೋದವಳಲ್ಲ. ನಮ್ಮ ಮನೆಗಳ ಹೆಣ್ಣುಮಕ್ಕಳಿಗೆ ಎರಡೇ ದಾರಿ, ಶಾಲೆ ಇಲ್ಲವೇ ದವಾಖಾನೆ. ಅವ್ವ ಶಾಲೆ ಹಿಡಿದಳು, ಅಕ್ಕ ದವಾಖಾನೆ ಹಿಡಿದಳು. ನಾನೂ ನರ್ಸಿಂಗ್ ಕಲಿತು, ವಯಸ್ಸಾದವರನ್ನು ನೋಡಿಕೊಳ್ಳುವ ಒಂದು ಆಶ್ರಮದಲ್ಲಿ ಕೆಲಸ ಸಿಕ್ಕಿತೆಂದು ಮೆಲ್ಬರ್ನಿಗೆ ಹೋದೆ. ಅಲ್ಲಿ ರಜೆಯ ದಿನ ಹೊತ್ತು ಹೋಗದೆ ಒಂದು ನಾಟಕದ ತಂಡ ಸೇರಿದೆ. ತಂಡದ ಒಬ್ಬಳು ಟೀವಿಯ ಆಸ್ಪತ್ರೆ ಧಾರಾವಾಹಿಯೊಂದಕ್ಕೆ ಜನ ಹುಡುಕುತ್ತಿದ್ದಳು. ಹಿಂದೆ ಓಡಾಡುವ ಒಬ್ಬ ನರ್ಸು ಬೇಕಿತ್ತಂತೆ. ಹಾಸಿಗೆಯ ಮೂಲೆ ಮಡಚುವುದನ್ನು, ಸೂಜಿಯಿಂದ ಗಾಳಿ ಹೊರಗೆ ಬಿಡುವುದನ್ನು ಇವಳಿಗೆ ಕಲಿಸಬೇಕಾಗಿಲ್ಲ ಎಂದು ನನ್ನನ್ನು ಕರೆದರು. ಹೀಗೆ ಅಸಲಿ ನರ್ಸಿನ ಕೆಲಸ ಬಿಟ್ಟು ನಕಲಿ ನರ್ಸಾದೆ. ಇದನ್ನೂ ಒಂದು ಕೆಲಸ ಎನ್ನುತ್ತಾರೆಂದು ಅಕ್ಕ ಬಹಳ ದಿನ ನಂಬಲಿಲ್ಲ.

ಆಮೇಲೆ ಒಂದರ ಹಿಂದೊಂದು ಬಂದವು. ಟ್ಯಾಕ್ಸಿಯವನ ಹೆಂಡತಿ, ಮೂಲೆಯಂಗಡಿಯ ಒಡತಿ, ಮಗ ದಾರಿ ತಪ್ಪಿದನೆಂದು ಪೊಲೀಸರ ಮುಂದೆ ಅಳುವ ತಾಯಿ. ಸ್ವಲ್ಪ ಇಂಡಿಯಾದ ಧಾಟಿಯಲ್ಲಿ ಮಾತಾಡಿ ಅನ್ನುತ್ತಿದ್ದರು. ಬೀದರಿನವಳು ಬೀದರಿನ ಧಾಟಿಯಲ್ಲಿ ಮಾತಾಡಿದರೆ, ಇದಲ್ಲ, ಇಂಡಿಯಾದ್ದು ಅನ್ನುತ್ತಿದ್ದರು. ನನ್ನ ಸಿಟ್ಟು ಸಣ್ಣಂದಿನಿಂದಲೂ ಮೂಗಿನ ತುದಿಯಲ್ಲೇ ಇರುವಂಥದ್ದು; ಒಳ್ಳೊಳ್ಳೆಯ ಪಾತ್ರಗಳನ್ನು ಬರೀ ಬಾಯಿಂದಲೇ ಕಳೆದುಕೊಂಡಿದ್ದೇನೆ. ಒಂದು ಧಾರಾವಾಹಿಯಲ್ಲಿ ನಾಯಕಿಯ ನೆರೆಮನೆಯವಳಾಗಿ ವರ್ಷಗಟ್ಟಲೆ ಬೇಲಿಯ ಮೇಲಿಂದ ಇಣುಕಿದೆ. ಒಂದು ಸಿನಿಮಾದಲ್ಲಿ ಸೊಸೆಯನ್ನು ಗೋಳು ಹೊಯ್ದುಕೊಳ್ಳುವ ಅತ್ತೆಯಾದೆ. ಆ ಸಿನಿಮಾ ಹೇಗೋ ಔರಾದಿನ ಸೋದರಮಾವನ ಮನೆ ತಲುಪಿ, ಅಲ್ಲಿನ ಹೆಂಗಸರ ಕೂಟ ಒಂದು ಬುಧವಾರ ನನ್ನ ಮನಸ್ಸು ತಿರುಗಲೆಂದು ಪ್ರಾರ್ಥನೆ ಮಾಡಿತು. ಜನರ ಮುಂದೆ ನಿಂತು ಆಡಿದ್ದೆಲ್ಲ ಅವರ ಪಾಲಿಗೆ ಸಾಕ್ಷಿಯೇ. ಅವ್ವ ಫೋನಿನಲ್ಲಿ ಇದನ್ನು ಹೇಳಹೊರಟು, ನಗು ತಡೆಯದೆ ಫೋನನ್ನು ಅಕ್ಕನ ಕೈಗೆ ಕೊಟ್ಟಿದ್ದಳು.

ಅವ್ವ ತೀರಿಕೊಂಡದ್ದು ರೋಗ ಹಬ್ಬಿದ ಕಾಲದಲ್ಲಿ, ಭಾಲ್ಕಿಯಲ್ಲಿ, ಅಕ್ಕನ ಮನೆಯಲ್ಲಿ. ಆಗ ನಾನಿದ್ದ ದೇಶ ಬಾಗಿಲು ಹಾಕಿಕೊಂಡು ಕೂತಿತ್ತು. ಒಳಗಿದ್ದವರನ್ನೂ ಹೊರಗೆ ಬಿಡುತ್ತಿರಲಿಲ್ಲ. ಅರ್ಜಿ ಹಾಕಿದೆ, ಕಾಡಿದೆ, ಜಗಳ ತೆಗೆದೆ. ಯಾವುದೂ ನಡೆಯಲಿಲ್ಲ. ಅಕ್ಕ ಫೋನನ್ನು ಸ್ಟೀಲಿನ ತಂಬಿಗೆಗೆ ಆನಿಸಿ ಅವ್ವನ ಮಂಚದ ಎದುರಿನ ಟೇಬಲ್ ಮೇಲೆ ಇಡುತ್ತಿದ್ದಳು. ನಾನು ಮೆಲ್ಬರ್ನಿನ ಅಡುಗೆಮನೆಯಲ್ಲಿ ಕೂತು ನೋಡುತ್ತಿದ್ದೆ. ಅವ್ವ ಅಲುಗಾಡದೆ ಮಲಗಿರುತ್ತಿದ್ದಳು. ಕೈ ಎತ್ತುವ ಶಕ್ತಿಯೂ ಇರಲಿಲ್ಲ. ಅವಳ ಉಸಿರಿಗಿಂತ ಫ್ಯಾನಿನ ಸದ್ದೇ ದೊಡ್ಡದಾಗಿ ಕೇಳುತ್ತಿತ್ತು. ಭಾವ ಬೀದರಿನಲ್ಲಿ ಸಿಕ್ಕಿಬಿದ್ದಿದ್ದರು. ನೆರೆಯವರು ಬಾಗಿಲವರೆಗೆ ಬಂದು ಊಟದ ಡಬ್ಬಿ ಇಟ್ಟು ಹೋಗುತ್ತಿದ್ದರು, ಒಳಗೆ ಕಾಲಿಡುತ್ತಿರಲಿಲ್ಲ. ಅವರನ್ನು ದೂರುವ ಹಾಗೂ ಇರಲಿಲ್ಲ.

ಆ ದಿನ ಮಧ್ಯಾಹ್ನ ಆಕ್ಸಿಜನ್ ಸಿಲಿಂಡರು ಮುಗಿಯುತ್ತ ಬಂತು. ಅಕ್ಕ ಕೆಲಸ ಮಾಡುವ ದವಾಖಾನೆಯಲ್ಲಿ ಅವಳಿಗೆಂದು ಒಂದು ಸಣ್ಣ ಸಿಲಿಂಡರು ತೆಗೆದಿಟ್ಟಿದ್ದರು, ಆದರೆ ತಾನೇ ಹೋಗಿ ತರಬೇಕು. ಅಕ್ಕ ಫೋನಿನ ಕಡೆ ಬಗ್ಗಿ, ನೋಡುತ್ತಿರು, ಈಗ ಬಂದೆ ಎಂದು ಹೇಳಿ ಸ್ಕೂಟಿ ತೆಗೆದಳು. ಸಿಲಿಂಡರನ್ನು ಕಾಲ ಸಂದಿಯಲ್ಲಿ ಇಟ್ಟುಕೊಂಡು ಅವಳು ವಾಪಸು ಬರುವಷ್ಟರಲ್ಲಿ ಅವ್ವ ಇರಲಿಲ್ಲ. ಫೋನಿನ ಪರದೆಯೂ ಕಪ್ಪಾಗಿತ್ತು. ಅವಳು ನನಗೆ ಫೋನು ಹಚ್ಚಿ ಕೇಳಿದ್ದು ಒಂದೇ, ಏನಾಯಿತು ಎಂದು. ನೀನು ಬಾಗಿಲು ದಾಟುತ್ತಿದ್ದ ಹಾಗೆಯೇ ನೆಟ್ ಹೋಯಿತು, ನನಗೇನೂ ಕಾಣಲಿಲ್ಲ ಎಂದೆ.

ಅದು ಸುಳ್ಳು. ಯಾಕೆ ಹೇಳಿದೆ ಎಂಬುದು ಮುಂದೆ ಬರುತ್ತದೆ.

ಒಂದು ವರ್ಷ ತುಂಬಿದಾಗ ಔರಾದಿನಲ್ಲಿ, ಅವ್ವನ ತವರುಮನೆಯಲ್ಲಿ, ಕೂಟ ಇಟ್ಟರು. ಸೋದರಮಾವ ಅಲ್ಲಿನ ಸಭೆಯ ಹಿರಿಯ. ಹೊಲ ಮನೆ ನೋಡಿಕೊಂಡಿರುವವನು. ಅವನೇ ಫೋನು ಹಿಡಿದು ನನಗೆ ಎಲ್ಲ ತೋರಿಸಿದ. ಅಕ್ಕ ಬಿಳಿ ಸೀರೆಯಲ್ಲಿ ಎದ್ದು ನಿಂತಳು. ಅವ್ವ ಕಡೇ ಗಳಿಗೆಯಲ್ಲಿ ಕಣ್ಣು ಬಿಟ್ಟು ಒಂದು ಹಾಡಿನ ಸಾಲು ಹಾಡಿದಳೆಂದೂ, ಯಾರ ಮೇಲೂ ನನಗೆ ಸಿಟ್ಟಿಲ್ಲವೆಂದು ಹೇಳಿದಳೆಂದೂ, ತನ್ನ ತಲೆಯ ಮೇಲೆ ಕೈಯಿಟ್ಟು ಹಾಗೇ ಕಣ್ಣು ಮುಚ್ಚಿದಳೆಂದೂ ಹೇಳಿದಳು. ಕೂಟವೆಲ್ಲ ಆಮೆನ್ ಅಂದಿತು. ಸೋದರಮಾವ ಕಣ್ಣೊರೆಸಿಕೊಳ್ಳಲು ಕೈ ಎತ್ತಿದಾಗ ಫೋನಿನಲ್ಲಿ ಬರೀ ಚಾವಣಿಯ ತೊಲೆ ಜಂತೆ ಕಾಣಿಸಿದವು.

ಅಕ್ಕ ಆ ಹೊತ್ತು ಮನೆಯಲ್ಲೇ ಇರಲಿಲ್ಲ ಎಂದು ಗೊತ್ತಿದ್ದವಳು ನಾನೊಬ್ಬಳೇ. ಅದು ಅವಳಿಗೂ ಗೊತ್ತಿತ್ತು. ಇಷ್ಟೆಲ್ಲ ವರ್ಷ ಯಾರ್ಯಾರದೋ ಸಾವಿನ ಮಗ್ಗುಲಲ್ಲಿ ನಿಂತವಳು, ಹೆತ್ತವಳ ಪಕ್ಕದಲ್ಲಿ ಇರಲಿಲ್ಲ ಎಂದು ಆ ಮಂದಿಯ ಮುಂದೆ ಹೇಗೆ ಹೇಳಿಯಾಳು. ಕಸುಬಿನವಳಾಗಿ ಹೇಳುತ್ತೇನೆ, ಅವಳು ಹೇಳಿದ್ದರಲ್ಲಿ ಒಂದು ಕಡೆಯೂ ಎಡವಲಿಲ್ಲ. ನನಗೆ ಸಂಕಟವಾಯಿತು, ಆದರೆ ಸಿಟ್ಟು ಬರಲಿಲ್ಲ. ನಾನು ನೆಟ್ ಹೋಯಿತು ಎಂದೆ, ಅವಳು ಅವ್ವ ಹಾಡಿದಳು ಎಂದಳು. ಲೆಕ್ಕ ಚುಕ್ತಾ ಎಂದುಕೊಂಡು ಬಾಯಿ ಮುಚ್ಚಿಕೊಂಡೆ.

ಅದಾದ ಮೇಲೆ ಒಂದು ಟೀವಿ ಸರಣಿಯಲ್ಲಿ ನನಗೆ ದೊಡ್ಡ ಪಾತ್ರ ಸಿಕ್ಕಿತು. ಅಷ್ಟು ವರ್ಷ ಹಿಂದೆ ಓಡಾಡಿದವಳನ್ನು ಮುಂದೆ ಕರೆದು ಕುರ್ಚಿ ಹಾಕಿದ ಹಾಗಾಯಿತು. ಮನೆಯಲ್ಲೇ ಸಾಯುವ ಒಬ್ಬ ತಾಯಿಯ ಪಾತ್ರ. ಸ್ಕ್ರಿಪ್ಟಿನಲ್ಲಿ ಅವಳು ಸಾಯುವ ಮೊದಲು ಮಗನಿಗೆ ಪುಟಗಟ್ಟಲೆ ಬುದ್ಧಿ ಹೇಳುತ್ತಾಳೆ. ಓದಿ ನನಗೆ ಪಿತ್ತ ನೆತ್ತಿಗೇರಿತು. ನಿರ್ದೇಶಕಿಯ ಹತ್ತಿರ ಹೋಗಿ, ಸಾಯುವವರು ಭಾಷಣ ಮಾಡುವುದಿಲ್ಲ, ಒಂದು ಸಲ ನನ್ನ ಪಾಡಿಗೆ ನನ್ನನ್ನು ಬಿಟ್ಟು ನೋಡು ಎಂದೆ. ಪುಣ್ಯಾತ್ಗಿತ್ತಿ ಬಿಟ್ಟಳು.

ನಾನು ಒಂದು ಮಾತೂ ಆಡಲಿಲ್ಲ. ಬಾಗಿಲ ಕಡೆ ನೋಡಿದೆ. ಹೊದಿಕೆಯ ಅಂಚನ್ನು ಹಿಡಿದು, ಸೀರೆಯ ನಿರಿಗೆ ಹಿಡಿಯುವಂತೆ ಮಡಿಕೆ ಮಡಿಕೆಯಾಗಿ ಹಿಡಿಯುತ್ತ ಹೋದೆ. ಅವ್ವನ ಬಲಗೈ ತೋರುಬೆರಳು ಎಂದೋ ಮುರಿದು ಸೆಟೆದುಕೊಂಡಿತ್ತು, ಹಾಗಾಗಿ ಅವಳು ನಿರಿಗೆಯನ್ನು ನಡುಬೆರಳಿನಿಂದಲೇ ಹಿಡಿಯುತ್ತಿದ್ದಳು. ನಾನೂ ಹಾಗೆಯೇ ಹಿಡಿದೆ. ಶಾಲೆಗೆ ಹೊತ್ತಾಯಿತೆನ್ನುವವಳ ಹಾಗೆ ಒಂದು ಕಾಲನ್ನು ಮಂಚದಿಂದ ಕೆಳಗೆ ಬಿಟ್ಟೆ. ಅದು ನೆಲ ಮುಟ್ಟಲಿಲ್ಲ. ಆಮೇಲೆ ಉಸಿರು ಒಂದೊಂದಾಗಿ ನಿಧಾನವಾಗಿ ನಿಂತಿತು. ಸಾಕು, ಇದಕ್ಕಿಂತ ಚೆನ್ನಾಗಿ ಆಗುವುದಿಲ್ಲ ಎಂದು ನಿರ್ದೇಶಕಿ ಹೇಳಿದ ಮೇಲೂ ಇನ್ನೊಮ್ಮೆ, ಇನ್ನೊಮ್ಮೆ ಎಂದು ನಾನೇ ಗಂಟುಬಿದ್ದು ಮಾಡಿದೆ. ಕ್ಯಾಮೆರಾದವರಿಗೆ ಊಟದ ಹೊತ್ತು ಮೀರಿತ್ತು, ಆದರೂ ಯಾರೂ ಗೊಣಗಲಿಲ್ಲ.

ಸರಣಿ ಬಂದಾಗ ಜನ ಹೊಗಳಿದರು. ಬೀದಿಯಲ್ಲಿ ಗುರುತೇ ಇಲ್ಲದವರು ನಿಲ್ಲಿಸಿ, ತಮ್ಮ ತಾಯಿಯ ಕತೆ ಹೇಳಿ ಅತ್ತರು. ಇದನ್ನು ಎಲ್ಲಿಂದ ತಂದಿರಿ ಎಂದು ಒಬ್ಬ ವರದಿಗಾರ್ತಿ ಕೇಳಿದಳು. ನಮ್ಮ ತಾಯಿಯಿಂದ ಎಂದೆ. ಹಾಗೆ ಹೇಳಿದ್ದಕ್ಕೆ ನನಗೆ ಆಗಲೂ ನಾಚಿಕೆ ಇರಲಿಲ್ಲ, ಈಗಲೂ ಇಲ್ಲ. ಬಡಗಿಯ ಮಗ ಕಟ್ಟಿಗೆ ಕೆಲಸ ಕಲಿತರೆ ಅಪ್ಪನ ಹೆಸರು ಹೇಳುವುದಿಲ್ಲವೇ. ಆದರೆ ಆ ತುಣುಕೂ ಆ ಮಾತೂ ಜೋಡಿಯಾಗಿ ಫೋನಿಂದ ಫೋನಿಗೆ ಹಾರಿ, ಬೀದರಿಗೆ, ಭಾಲ್ಕಿಗೆ, ಔರಾದಿಗೆ ಬಂದು ಬಿದ್ದವು. ಅಕ್ಕ ಅದನ್ನು ದವಾಖಾನೆಯ ಡ್ಯೂಟಿ ಕೋಣೆಯಲ್ಲಿ ಕೂತು ನೋಡಿದಳಂತೆ. ಅಲ್ಲಿಂದಲೇ ನನಗೆ ಫೋನು ಮಾಡಿದಳು.

"ನೆಟ್ ಹೋಗಿತ್ತು ಅಂದಿದ್ದಿ" ಅಂದಳು. ನಾನು ಬಾಯಿ ತೆರೆಯುವ ಮೊದಲೇ ಇಟ್ಟಳು.

ಅಂದಿನಿಂದ ಮಾತು ಬಂದ್. ಹಬ್ಬಕ್ಕೆ ಫೋನಿಲ್ಲ, ಹುಟ್ಟಿದ ದಿನಕ್ಕೆ ಫೋನಿಲ್ಲ. ಅಪ್ಪ ನಾವು ಸಣ್ಣವರಿದ್ದಾಗಲೇ ಹೋದವನು. ಈಗ ಅವ್ವನೂ ಇಲ್ಲ. ಅಕ್ಕನೂ ಮಾತು ಬಿಟ್ಟರೆ, ಈ ಭೂಮಿಯ ಮೇಲೆ ನನ್ನನ್ನು ಕನ್ನಡದಲ್ಲಿ ಬೈಯುವವರು ಯಾರೂ ಉಳಿಯುವುದಿಲ್ಲ. ಶೂಟಿಂಗಿನ ಗಾಡಿಯಲ್ಲಿ ಮೇಕಪ್ಪು ಹಚ್ಚಿಸಿಕೊಳ್ಳುವಾಗ ಸುಮ್ಮನೆ ಕಣ್ಣಲ್ಲಿ ನೀರು ಬಂದುಬಿಡುತ್ತಿತ್ತು. ಇವಳು ಪಾತ್ರಕ್ಕೆ ತಯಾರಾಗುತ್ತಿದ್ದಾಳೆ ಎಂದು ಆ ಹುಡುಗಿಯರು ಗೌರವದಿಂದ ಸುಮ್ಮನಿರುತ್ತಿದ್ದರು.

ಉಳಿದದ್ದನ್ನು ಸೋದರಮಾವ ಹೇಳಿದ. ಅಕ್ಕ ಸಭೆಗೆ ಹೋಗುವುದನ್ನು ಬಿಟ್ಟಿದ್ದಳು. ಯಾವಳೋ ಒಬ್ಬಳು, ಅಕ್ಕೋರೆ, ನಿಮ್ಮ ಅವ್ವ ಹಾಡಲಿಲ್ಲೇನ್ರಿ, ಟೀವ್ಯಾಗ ಬ್ಯಾರೆ ಥರಾ ತೋರಿಸ್ಯಾರಲ್ರಿ ಎಂದು ಎಲ್ಲರೆದುರು ಕೇಳಿದ್ದಳಂತೆ. ಕೇಳಿದವಳಿಗೆ ಕುತ್ಸಿತವೇನೂ ಇರಲಿಕ್ಕಿಲ್ಲ. ನಾನು ನಟಿಸಿದ್ದೂ ಸಾಕ್ಷಿ, ಅಕ್ಕ ಹೇಳಿದ್ದೂ ಸಾಕ್ಷಿ, ಎರಡು ಸಾಕ್ಷಿ ತಾಳೆಯಾಗದಿದ್ದರೆ ಅವರಿಗೆ ನಿದ್ದೆ ಬರುವುದಿಲ್ಲ. ಈ ವರ್ಷದ ಕೂಟದಲ್ಲಿ ಅಕ್ಕ ಎದ್ದು ನಿಲ್ಲುವುದಿಲ್ಲ ಎಂದಿದ್ದಾಳೆ, ನಿಲ್ಲದಿದ್ದರೆ ಹಿಂದೆ ಹೇಳಿದ್ದು ಸುಳ್ಳೆಂದೇ ಜನ ತಿಳಿಯುತ್ತಾರೆ, ಆಮೇಲೆ ಅವಳು ಈ ಮಂದಿಗೆ ಮುಖ ತೋರಿಸಲಾರಳು ಎಂದು ಮಾವ ಹೇಳಿದ. ನಾನು ಟಿಕೆಟ್ ತೆಗೆಸಿದೆ.

ಹೈದರಾಬಾದಿನಿಂದ ಬೀದರಿಗೆ ಬಂದು, ಮೊದಲು ಅವ್ವನ ಸಮಾಧಿಗೆ ಹೋದೆ. ಅವ್ವ ಮಣ್ಣಾದಾಗ ಇಡೀ ಮೈ ಮುಚ್ಚಿಕೊಂಡ ನಾಲ್ಕಾರು ಜನ ಬಿಟ್ಟರೆ ಯಾರೂ ಇರಲಿಲ್ಲ. ಕಲ್ಲು ಮಾತ್ರ ಅಕ್ಕ ಚೆನ್ನಾಗಿ ಹಾಕಿಸಿದ್ದಳು. ಸುತ್ತ ಕೆಂಪು ಮಣ್ಣು, ಒಣಗಿದ ಚೆಂಡು ಹೂವು. ಒಂದು ಪ್ರಾರ್ಥನೆ ಹೇಳಿಕೊಳ್ಳೋಣವೆಂದರೆ ಮನಸ್ಸು ನಿಲ್ಲಲಿಲ್ಲ. ಗೇಟಿನ ಹೊರಗೆ ಆಟೋದವನು ಹಾರ್ನು ಹೊಡೆಯುತ್ತಿದ್ದ. ಅವನಿಗೆ ಬೈದು, ಬಸ್ ಸ್ಟ್ಯಾಂಡಿಗೆ ಬಿಡಿಸಿಕೊಂಡು ಭಾಲ್ಕಿ ಬಸ್ಸು ಹತ್ತಿದೆ.

ಅಕ್ಕ ಬಾಗಿಲು ತೆಗೆದು ನನ್ನನ್ನು ನೋಡಿದಳು. ಕೂದಲು ಪೂರ್ತಿ ಬೆಳ್ಳಗಾಗಿತ್ತು, ಬಣ್ಣ ಹಚ್ಚುವುದನ್ನು ಬಿಟ್ಟಿದ್ದಳು. ಬಾ ಅನ್ನಲಿಲ್ಲ, ಬರಬೇಡ ಅನ್ನಲಿಲ್ಲ. ಒಳಗೆ ಹೋಗಿ ಒಲೆ ಹಚ್ಚಿದಳು. ಬಿಸಿ ರೊಟ್ಟಿ, ಪುಂಡಿಪಲ್ಯ, ಮೇಲೆ ಎಣ್ಣೆ. ನನಗ್ಯಾವುದು ಸೇರುತ್ತದೋ ಅದೆಲ್ಲ ತಟ್ಟೆಗೆ ಬಂತು, ಮಾತೊಂದು ಬಿಟ್ಟು. ಭಾವ ನಮ್ಮಿಬ್ಬರ ಮುಖ ನೋಡಿ, ಏನೋ ಕೆಲಸ ನೆನಪಾದವರ ಹಾಗೆ ಎದ್ದು ಹೊರಗೆ ಹೋದರು.

ನಾನೇ ಮೊದಲು ಬಾಯಿ ಬಿಟ್ಟೆ. ಎಷ್ಟು ದಿನ ಅಂತ ಹೀಗೆ ಎಂದೆ. ಅವಳು ಅದನ್ನೇ ಕಾಯುತ್ತಿದ್ದವಳ ಹಾಗೆ ತಿರುಗಿದಳು.

"ಅವ್ವನ್ನ ಬಾಜಾರಕ್ಕ ಹಚ್ಚಿದಿ. ಆಕಿ ಸಾಯೂದು ಕಂಡವರೆಲ್ಲಾ ನೋಡಿದ್ರು, ನಾ ಕಡೀಕ ನೋಡಿದೆ."

ಅದು ತಗುಲಿತು. ತಗುಲಿದ್ದರಿಂದಲೇ ನನ್ನ ನಾಲಗೆ ಹರಿಯಿತು. ನೀನು ಅವ್ವನ ಕೈಯಲ್ಲಿ ಸಭೆಯಲ್ಲಿ ಹಾಡಿಸಿದೆ, ನಾನು ಟೀವಿಯಲ್ಲಿ ಹಾಡಿಸಲಿಲ್ಲ, ವ್ಯತ್ಯಾಸ ಅಷ್ಟೇ ಎಂದೆ. ಅಕ್ಕನ ಮುಖ ಸುಣ್ಣದ ಗೋಡೆಯಾಯಿತು. ತಟ್ಟೆ ಎತ್ತಿಕೊಂಡು ಹೋಗಿ ನಲ್ಲಿಯ ಕೆಳಗೆ ಇಟ್ಟು, ಬಹಳ ಹೊತ್ತು ಅದೇ ತಟ್ಟೆಯನ್ನು ತಿಕ್ಕುತ್ತ ನಿಂತಳು.

ಸಂಜೆವರೆಗೆ ನಾವಿಬ್ಬರೂ ಒಂದೇ ಮನೆಯಲ್ಲಿ ಬೇರೆ ಬೇರೆ ಕೋಣೆಗಳಲ್ಲಿ ಇದ್ದೆವು. ಅವ್ವ ಮಲಗುತ್ತಿದ್ದ ಕೋಣೆಯಲ್ಲಿ ನನ್ನ ಚೀಲ ಇಟ್ಟಿದ್ದರು. ಅಕ್ಕ ಏನಾದರೊಂದು ನೆಪ ಮಾಡಿಕೊಂಡು ಬಾಗಿಲವರೆಗೆ ಬರುತ್ತಿದ್ದಳು, ಚಾದರ ಬೇಕೇನು ಎಂಬಂತೆ ನಿಲ್ಲುತ್ತಿದ್ದಳು, ಹೋಗುತ್ತಿದ್ದಳು. ಅವಳಿಗೆ ಏನು ಕೇಳಬೇಕಾಗಿತ್ತು ಎಂದು ನನಗೆ ಗೊತ್ತಿತ್ತು. ಅವ್ವ ತನ್ನನ್ನು ಕರೆದಳೇ. ಕರೆದು, ಮಗಳು ಬರಲಿಲ್ಲ ಎಂದುಕೊಂಡು ಹೋದಳೇ. ಇಷ್ಟು ದಿನ ಅವಳನ್ನು ತಿಂದದ್ದು ಆ ಟೀವಿ ತುಣುಕಲ್ಲ, ಅದರಲ್ಲಿ ನಾನು ಬಾಗಿಲ ಕಡೆ ನೋಡಿದ ನೋಟ. ಅವಳು ಕೇಳಲಿಲ್ಲ. ಕೇಳದೆ ಹೇಳುವ ಧೈರ್ಯ ನನಗೂ ಬರಲಿಲ್ಲ.

ಮರುದಿನ ಕಮಲನಗರದ ಮೇಲಿಂದ ಔರಾದಿಗೆ ಹೊರಟೆವು. ಬಸ್ಸಿನಲ್ಲಿ ಅರ್ಧ ಮರಾಠಿ, ಅರ್ಧ ಕನ್ನಡ. ಯಾರದೋ ಮದುವೆಗೆ ಹೊರಟ ಹೆಂಗಸರು ನಮ್ಮ ಮೇಲೆ ಬಿದ್ದು ನಗುತ್ತಿದ್ದರು. ರಸ್ತೆಯ ಎರಡೂ ಕಡೆ ತೊಗರಿ ಆಳೆತ್ತರ ನಿಂತಿತ್ತು. ಕಮಲನಗರ ದಾಟಿದ ಮೇಲೆ ಅಕ್ಕ, ಕಿಟಕಿಯ ಹೊರಗೇ ನೋಡುತ್ತ, ಮೆಲ್ಲಗೆ ಅಂದಳು.

"ಇವತ್ತ ನಾ ನಿಂದ್ರೂದಿಲ್ಲ. ನೀ ನಿಂದ್ರು. ನಾ ಹೇಳಿದ್ದ ಖರೆ ಅಂತ ಹೇಳು."

ಅಷ್ಟು ಜನರ ಮುಂದೆ, ಅದೂ ಸಾಕ್ಷಿಯಲ್ಲಿ ಹೇಗೆ ಹೇಳಲಿ ಎಂದೆ.

"ನಿನಗ ಬರ್ತದ. ಅದ ನಿನ್ನ ಕೆಲಸ ಅಲ್ಲೇನು" ಅಂದಳು.

ಅದರಲ್ಲಿ ಚುಚ್ಚುವ ಧಾಟಿ ಇರಲಿಲ್ಲ. ಬೇಡುವ ಧಾಟಿ ಇತ್ತು. ನನ್ನ ಅಕ್ಕ ನನ್ನನ್ನು ಏನನ್ನೂ ಬೇಡಿದವಳಲ್ಲ. ಆಯಿತು ಎಂದೆ. ಔರಾದು ಬರುವವರೆಗೆ ಪಾತ್ರಕ್ಕೆ ತಯಾರಾಗುವಂತೆಯೇ ತಯಾರಾದೆ: ಅವ್ವ ಕಣ್ಣು ಬಿಟ್ಟದ್ದು, ಹಾಡಿದ್ದು, ಕೈಯೆತ್ತಿ ಅಕ್ಕನ ತಲೆಯ ಮೇಲೆ ಇಟ್ಟದ್ದು. ಎಲ್ಲಿ ದನಿ ತಗ್ಗಿಸಬೇಕು, ಎಲ್ಲಿ ತಡೆಯಬೇಕು ಎಂಬುದನ್ನೂ ಗೊತ್ತುಮಾಡಿಕೊಂಡೆ. ಟೀವಿಯಲ್ಲಿ ಮಾಡಿದ್ದು ಬೇರೆ ಯಾರದೋ ಕತೆ, ನಮ್ಮ ಅವ್ವನದಲ್ಲ ಎಂದು ಕೊನೆಗೆ ಹೇಳುವುದೆಂದೂ ತೀರ್ಮಾನಿಸಿದೆ. ನನ್ನ ಬದುಕಿನ ಅತ್ಯಂತ ಒಳ್ಳೆಯ ಕೆಲಸವನ್ನು ಅವಳಿಗೋಸ್ಕರ ಅಲ್ಲಗಳೆಯಲು ತಯಾರಾಗಿದ್ದೆ, ಮತ್ತು ಅದಕ್ಕೆ ನನಗೆ ಬೇಸರವೇನೂ ಇರಲಿಲ್ಲ.

ಸೋದರಮಾವನ ಪಡಸಾಲೆಯ ತುಂಬ ಜಮಖಾನೆ ಹಾಸಿದ್ದರು. ಅವ್ವನ ಫೋಟೋಕ್ಕೆ ಹಾರ, ಮುಂದೆ ಎರಡು ಮೇಣದಬತ್ತಿ. ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ. ಜಾಗ ಸಾಲದೆ ಕೆಲವರು ಹೊಸ್ತಿಲ ಆಚೆ ಕೂತಿದ್ದರು. ನನಗಾಗಿ ಒಂದು ಬುಧವಾರ ಪ್ರಾರ್ಥನೆ ಮಾಡಿದ ಹೆಂಗಸರು ಪಕ್ಕದಲ್ಲೇ ಇದ್ದು, ನನ್ನನ್ನು ಹೆದರಿಕೆಯಿಂದಲೂ ಪ್ರೀತಿಯಿಂದಲೂ ನೋಡುತ್ತಿದ್ದರು. ಪಾಸ್ಟರು ಹೊಸಬರು, ವಯಸ್ಸು ಸಣ್ಣದು. ಹಾಡಾಯಿತು, ವಾಕ್ಯ ಓದಿದ್ದಾಯಿತು. ಈಗ ತೀರಿಹೋದ ತಾಯಿಯ ಕಡೇ ಗಳಿಗೆಯ ಸಾಕ್ಷಿ ಎಂದು ಹೇಳಿ ಪಾಸ್ಟರು ಅಕ್ಕನ ಕಡೆ ನೋಡಿದರು. ಅಕ್ಕ ತಲೆ ತಗ್ಗಿಸಿದಳು. ನಾನು ಸೆರಗು ಎಳೆದುಕೊಂಡು ಎದ್ದೆ.

ಶುರುಮಾಡಿದೆ. ನಾನು ದೂರದಲ್ಲಿದ್ದೆ, ಫೋನಿನಲ್ಲಿ ಎಲ್ಲ ಕಾಣುತ್ತಿತ್ತು, ನಮ್ಮ ಅಕ್ಕ ಅವ್ವನ ತಲೆಯ ಹತ್ತಿರ ಕೂತಿದ್ದಳು ಎಂದೆ. ಅವ್ವ ಕಣ್ಣು ಬಿಟ್ಟಳು ಎಂದೆ. ದನಿ ತಾನಾಗಿ ಎಲ್ಲಿ ತಗ್ಗಬೇಕೋ ಅಲ್ಲಿ ತಗ್ಗಿತು. ಮುದುಕಿಯರು ಆಗಲೇ ಕಣ್ಣು ಒರೆಸಿಕೊಳ್ಳತೊಡಗಿದ್ದರು. ಅವ್ವ ಹಾಡಲು ಬಾಯಿ ತೆರೆದಳು ಎಂದು ಹೇಳಿ, ಆ ಹಾಡಿನ ಸಾಲನ್ನು ಎತ್ತಬೇಕು, ಅಷ್ಟರಲ್ಲಿ ಹೆಂಗಸರ ನಡುವಿನಿಂದ ಅಕ್ಕ ಎದ್ದು ನಿಂತಳು.

"ಸಾಕು" ಅಂದಳು. ಆಮೇಲೆ ಪಾಸ್ಟರ ಕಡೆ ತಿರುಗಿ, "ನಾ ಮನ್ಯಾಗ ಇರಲಿಲ್ರಿ. ಸಿಲಿಂಡರ್ ತರಲಾಕ ಹೋಗಿದ್ದೆ. ಹಾಡಿದ್ದು ಸುಳ್ಳು, ನಾನ ಹುಟ್ಟಿಸಿ ಹೇಳಿದೆ. ನೋಡಿದಾಕಿ ಈಕಿ ಒಬ್ಬಾಕಿ."

ಸೋದರಮಾವ ಕೈಯಲ್ಲಿದ್ದ ಪುಸ್ತಕವನ್ನು ಮುಚ್ಚಿದ. ಅಕ್ಕ ನನ್ನ ಕಡೆ ನೋಡಿದಳು. ನನ್ನ ಬಾಯಲ್ಲಿ ಆ ಸುಳ್ಳು ಅಷ್ಟು ಚೆಂದ ಬಂದದ್ದೇ ಅವಳಿಗೆ ತಡೆಯಲಾಗಲಿಲ್ಲ ಎಂದು ಆಮೇಲೆ ಎಂದೋ ಹೇಳಿದಳು. ಆಗ ಅಂದದ್ದು ಇಷ್ಟೇ:

"ಆಕಿ ನನ್ನ ಕರದಳೇನು? ಖರೆ ಹೇಳು."

ಇಬ್ಬರೂ ನಿಂತೇ ಇದ್ದೆವು. ಗೊತ್ತುಮಾಡಿಕೊಂಡು ಬಂದದ್ದೆಲ್ಲ ತಲೆಯಿಂದ ಹಾರಿಹೋಗಿತ್ತು. ಆದದ್ದನ್ನು ಆದಂತೆ ಹೇಳುವುದು ನನಗೆ ಅಭ್ಯಾಸವಿಲ್ಲದ ಕೆಲಸ. ತೊದಲುತ್ತ ಹೇಳಿದೆ.

ಅಕ್ಕ ಹೋದ ಮೇಲೆ ಅವ್ವ ಬಾಗಿಲ ಕಡೆ ನೋಡಿದ್ದು ನಿಜ. ಕರೆಯಲಿಲ್ಲ. ಎತ್ತಲೂ ಆಗದಿದ್ದ ಕೈಗೆ ಎಲ್ಲಿಂದ ಶಕ್ತಿ ಬಂತೋ, ಚಾದರದ ಅಂಚು ಹಿಡಿದು ನಿರಿಗೆ ಮಾಡತೊಡಗಿದಳು, ಒಂದು ಕಾಲು ಕೆಳಗೆ ಬಿಟ್ಟಳು. ಬಿದ್ದುಬಿಡುತ್ತಾಳೆ ಎಂದು ನನಗೆ ಗಾಬರಿಯಾಗಿ, ಅವ್ವಾ, ಅವ್ವಾ ಎಂದು ಫೋನಿನಲ್ಲಿ ಕೂಗಿದೆ. ಅವಳು ಹುಡುಕಿ ಹುಡುಕಿ ಫೋನಿನ ಕಡೆ ತಿರುಗಿ, ನೆಟ್ಟಗೆ ನನ್ನ ಮುಖವನ್ನೇ ನೋಡಿದಳು. ಗುರುತು ಹಿಡಿಯಲಿಲ್ಲ. ಎಂದೋ ಸತ್ತ ಅಪ್ಪನ ಜೊತೆ ಮಾತಾಡುವ ಧಾಟಿಯಲ್ಲಿ, "ಆ ಟೀವಿ ಬಂದ್ ಮಾಡ್ರಿ. ಹುಡುಗ್ಯಾರು ಮಲಗ್ಯಾರ" ಅಂದಳು.

ನಾನು ಇನ್ನೂ ಕೂಗಿದೆ, ನಾನು ಅವ್ವಾ, ನಿನ್ನ ಸಣ್ಣ ಮಗಳು ಎಂದೆ. ಕೂಗಿದಷ್ಟೂ ಅವಳು ಹೆದರಿದಳು. ಎರಡೂ ಕಿವಿ ಮುಚ್ಚಿಕೊಂಡು, ಬಂದ್ ಮಾಡ್ರಿ, ಹುಡುಗ್ಯಾರು ಏಳ್ತಾರ, ಬಂದ್ ಮಾಡ್ರಿ ಎಂದು ಅಳತೊಡಗಿದಳು.

ಅಷ್ಟು ಹೇಳಿ ನಿಲ್ಲಿಸಿದೆ. ಅಕ್ಕ ಬಿಡಲಿಲ್ಲ.

"ಮುಂದ?"

"ಬಂದ್ ಮಾಡಿದೆ" ಅಂದೆ.

ಫೋನು ನಾನೇ ಕಟ್ ಮಾಡಿದ್ದೆಂದು ಅವಳಿಗೆ ತಕ್ಷಣ ತಿಳಿಯಲಿಲ್ಲ. ಹಾಗಾದರೆ ಟೀವಿಯಲ್ಲಿ ಮಾಡಿದ್ದು ಏನು ಎಂದಳು. ಕಾಲು ಕೆಳಗೆ ಬಿಡುವವರೆಗೆ ಅವ್ವನದು, ಅದರ ಮುಂದಿನ ಉಸಿರೆಲ್ಲ ನಾನು ಕಟ್ಟಿದ್ದು, ನನಗೇನೂ ಗೊತ್ತಿಲ್ಲ, ಹೀಗಿರಬಹುದೇ, ಹಾಗಿರಬಹುದೇ ಎಂದು ಮತ್ತೆ ಮತ್ತೆ ಮಾಡಿ ನೋಡಿದೆ ಎಂದೆ.

"ಅಂದ್ರ ಆಕಿ ಹೋಗೂದು ಯಾರೂ ನೋಡಿಲ್ಲ" ಅಂದಳು ಅಕ್ಕ.

"ಇಲ್ಲ" ಅಂದೆ. "ಯಾರೂ ನೋಡಿಲ್ಲ."